ಡ್ರಮ್ಮಿನ ಲೆಕ್ಕ, ನಿಂಬೆಯ ರಸ

ನಿಂಬೆ ಕೊಳ್ಳುವ ವ್ಯಾಪಾರಿ ಚೀಲದ ಬಾಯಲ್ಲಿರುವ ಹಣ್ಣು ನೋಡಿ ರೇಟು ಹೇಳುವುದಿಲ್ಲ. ಮೊಳಕೈವರೆಗೆ ಕೈ ಇಳಿಸಿ ನಡುವಿನಿಂದ ನಾಲ್ಕು ಹಣ್ಣು ಎತ್ತುತ್ತಾನೆ, ಹೆಬ್ಬೆರಳಿನಿಂದ ಒತ್ತುತ್ತಾನೆ, ತಿರುಗಿಸಿ ತಿರುಗಿಸಿ ಕಜ್ಜಿಯ ಚುಕ್ಕೆ ಹುಡುಕುತ್ತಾನೆ. ಸಿಪ್ಪೆ ತೆಳ್ಳಗಿರಬೇಕು, ಅಂಗೈಗೆ ತೂಕ ಸಿಗಬೇಕು, ಮೈ ನುಣುಪಾಗಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಇಡೀ ಚೀಲದ ಬೆಲೆ ಇಳಿಯುತ್ತದೆ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು ಇಂಥ ಹಣ್ಣಿಗೆ ಹೆಸರಾದದ್ದು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದು ಅಲ್ಲಿಯೇ. 2023ರಲ್ಲಿ ‘ಇಂಡಿ ಲಿಂಬೆ’ಗೆ ಜಿಐ ಟ್ಯಾಗ್ ಕೂಡ ದೊರೆಯಿತು. ಟ್ಯಾಗ್ ಸಿಕ್ಕಿದ್ದು ಸೀಮೆಗೆ. ಗುಣವನ್ನು ಒಂದೊಂದು ತೋಟವೂ ಒಂದೊಂದು ಬಹಾರಿಗೂ, ಎಂದರೆ ಹೂಗಾಲಕ್ಕೂ, ಮತ್ತೆ ಗಳಿಸಿಕೊಳ್ಳಬೇಕು. ಈ ಗಳಿಕೆಗೆ ಈಚಿನ ವರ್ಷಗಳಲ್ಲಿ ಬಹಳ ರೈತರು ನೆಚ್ಚಿರುವುದು ಒಂದು ಪ್ಲಾಸ್ಟಿಕ್ ಡ್ರಮ್ಮನ್ನು. ಬೇವಿನ ಮರದಡಿ ಇಲ್ಲವೇ ದನದ ಕೊಟ್ಟಿಗೆಯ ಪಕ್ಕ, ಗೋಣಿತಟ್ಟು ಹೊದ್ದು ಕೂತಿರುವ 200 ಲೀಟರಿನ ನೀಲಿ ಡ್ರಮ್ಮು. ಒಳಗಿರುವುದು ಒಬ್ಬರಲ್ಲಿ ಜೀವಾಮೃತ, ಇನ್ನೊಬ್ಬರಲ್ಲಿ ಹಿಂಡಿ ನೀರು, ಮತ್ತೊಬ್ಬರಲ್ಲಿ ಮೀನು-ಬೆಲ್ಲದ ಪಾಕ. ಇದನ್ನು ಹಾಕಿದರೆ ಹಣ್ಣು ದಪ್ಪವಾಗುತ್ತದೆ, ರಸ ಏರುತ್ತದೆ, ಬಣ್ಣ ಕಟ್ಟುತ್ತದೆ ಎಂದು ಹೇಳುವ ವಿಡಿಯೋಗಳಿಗಂತೂ ಬರವಿಲ್ಲ. ಈ ಮಾತಿನಲ್ಲಿ ನಿಜವೆಷ್ಟು ಎಂದು ತಿಳಿಯಲು ದೊಡ್ಡ ಪ್ರಯೋಗಾಲಯವೇನೂ ಬೇಡ. ಡ್ರಮ್ಮಿಗೆ ಹಾಕಿದ ಸಾಮಾನನ್ನು ತೂಗಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಮರಕ್ಕೆ ಗೊಬ್ಬರ ಕುಡಿಸುವ ವಿದ್ಯೆ ಹಳೆಯದು. ಸುರಪಾಲನ ‘ವೃಕ್ಷಾಯುರ್ವೇದ’ದಲ್ಲಿ ಕುಣಪಜಲದ ವಿವರ ಬರುತ್ತದೆ: ಮಾಂಸ, ಮಜ್ಜೆ, ಕೊಬ್ಬುಗಳನ್ನು ಬೇಯಿಸಿ, ಎಳ್ಳಿನ ಹಿಂಡಿ, ಉದ್ದು, ಜೇನು ಸೇರಿಸಿ, ಮಡಕೆಯಲ್ಲಿ ಕೊಳೆಸಿ ಬುಡಕ್ಕೆ ಎರೆಯುವ ಪಾಕ ಅದು. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದ್ದ ಅದರ ಹಸ್ತಪ್ರತಿ 1996ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟವಾಯಿತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ಕನ್ನಡದಲ್ಲೇ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಇದೆ. ಇಂದಿನ ಡ್ರಮ್ಮು ಮಾತ್ರ ಬಂದದ್ದು ವಿದರ್ಭದಿಂದ. ಅಲ್ಲಿನ ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿ ಶಿಬಿರಗಳನ್ನು ರಾಜ್ಯದಲ್ಲಿ ರೈತ ಸಂಘದವರು ಊರೂರಿನಲ್ಲಿ ನಡೆಸಿದ ಮೇಲೆ ಜೀವಾಮೃತ ಎಂಬುದು ಮನೆಮಾತಾಯಿತು. 2016ರಲ್ಲಿ ಪಾಳೇಕರ್ ಅವರಿಗೆ ಪದ್ಮಶ್ರೀ ಬಂತು.

ಜೀವಾಮೃತದ ಅಳತೆ ಈಗ ಬಹುತೇಕ ರೈತರಿಗೆ ಬಾಯಿಪಾಠ. 200 ಲೀಟರ್ ನೀರಿಗೆ 10 ಕೆ.ಜಿ. ಹಸಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಕಪ್ಪು ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ರಾಸಾಯನಿಕ ತಾಗದ ಬದುವಿನ ಒಂದು ಹಿಡಿ ಮಣ್ಣು. ನೆರಳಿನಲ್ಲಿಟ್ಟು ದಿನಕ್ಕೆ ಎರಡು ಮೂರು ಸಲ ಕೋಲಿನಿಂದ ತಿರುಗಿಸಿದರೆ ಎರಡು ದಿನಕ್ಕೆ ಸಿದ್ಧ. ವಾರದೊಳಗೆ ಬಳಸಿ ಮುಗಿಸಬೇಕು. ಒಂದು ಎಕರೆಗೆ ಒಂದು ಡ್ರಮ್ಮು.

ಈಗ ತೂಗೋಣ. ಹಸಿ ಸಗಣಿಯಲ್ಲಿ ನೀರಿನ ಪಾಲೇ ನೂರಕ್ಕೆ ಎಂಬತ್ತರಷ್ಟು. ಸಾರಜನಕ ಶೇಕಡ ಅರ್ಧದಷ್ಟಿದ್ದರೆ ಹೆಚ್ಚು. ಅಂದರೆ 10 ಕೆ.ಜಿ.ಗೆ 40-50 ಗ್ರಾಂ. ಗಂಜಲದಲ್ಲಿ ದನ ತಿಂದ ಮೇವಿನ ಮೇಲೆ ಹೆಚ್ಚುಕಡಿಮೆಯಾಗುತ್ತದೆ. 10 ಲೀಟರಿನಿಂದ 50ರಿಂದ 100 ಗ್ರಾಂ ಎಂದಿಟ್ಟುಕೊಳ್ಳಬಹುದು. ಕಡಲೆ ಹಿಟ್ಟಿನಲ್ಲಿ ಐದರಲ್ಲೊಂದು ಭಾಗ ಪ್ರೋಟೀನು, ಪ್ರೋಟೀನಿನಲ್ಲಿ ಆರರಲ್ಲೊಂದು ಭಾಗ ಸಾರಜನಕ. ಹಾಗಾಗಿ 2 ಕೆ.ಜಿ. ಹಿಟ್ಟಿನಿಂದ 65-70 ಗ್ರಾಂ. ಬೆಲ್ಲದಿಂದ ಹೇಳಿಕೊಳ್ಳುವಷ್ಟು ಇಲ್ಲ. ಎಲ್ಲ ಕೂಡಿಸಿದರೆ ಇಡೀ ಡ್ರಮ್ಮಿನಲ್ಲಿ ಹತ್ತಿರ ಹತ್ತಿರ 200 ಗ್ರಾಂ ಸಾರಜನಕ.

ಆರು ಮೀಟರ್ ಅಂತರದಲ್ಲಿ ನೆಟ್ಟ ಎಕರೆ ತೋಟದಲ್ಲಿ ಸುಮಾರು 110 ಮರ ಇರುತ್ತವೆ. ಪಾಲು ಹಾಕಿದರೆ ಒಂದು ಮರಕ್ಕೆ 2 ಗ್ರಾಂಗಿಂತ ಕಡಿಮೆ. ಫಲಕ್ಕೆ ಬಂದ ನಿಂಬೆ ಮರಕ್ಕೆ ವರ್ಷಕ್ಕೆ ಅರ್ಧ ಕೆ.ಜಿ.ಯ ಆಸುಪಾಸು ಸಾರಜನಕ ಬೇಕೆಂಬುದು ತೋಟಗಾರಿಕೆಯವರ ಸಾಮಾನ್ಯ ಶಿಫಾರಸು. ಹದಿನೈದು ದಿನಕ್ಕೊಮ್ಮೆ ತಪ್ಪದೆ ಕೊಟ್ಟರೂ ವರ್ಷಕ್ಕೆ 45 ಗ್ರಾಂ ಮುಟ್ಟುವುದಿಲ್ಲ. ಬೇಕಾದ್ದರಲ್ಲಿ ಹತ್ತರಲ್ಲೊಂದು ಪಾಲೂ ಆಗಲಿಲ್ಲ.

ಹಾಗಾದರೆ ಇದೆಲ್ಲ ಬೊಗಳೆಯೇ? ಅಲ್ಲ. ಪಾಳೇಕರ್ ಕೂಡ ಜೀವಾಮೃತವನ್ನು ಗೊಬ್ಬರ ಎಂದು ಹೇಳಲಿಲ್ಲ, ಸೂಕ್ಷ್ಮಜೀವಿಗಳ ಹೆಪ್ಪು ಎಂದರು. ಶಿಬಿರದಿಂದ ತೋಟಕ್ಕೆ ಬರುವ ದಾರಿಯಲ್ಲಿ ಹೆಪ್ಪಿನ ಮಾತು ಉಳಿಯಿತು, ಹಾಲಿನ ಮಾತು ಕಳೆದುಹೋಯಿತು. ಹಾಲೇ ಇಲ್ಲದ ಪಾತ್ರೆಗೆ ಎಷ್ಟು ಚಮಚ ಹೆಪ್ಪು ಹಾಕಿದರೂ ಮೊಸರಾಗುವುದಿಲ್ಲ. ಇಲ್ಲಿ ಹಾಲೆಂದರೆ ಮರದ ಬುಡದಲ್ಲಿರುವ ಕೊಟ್ಟಿಗೆ ಗೊಬ್ಬರ, ಸೊಪ್ಪು, ರವದಿ, ಹಿಂಡಿ. 30 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ 150 ಗ್ರಾಂ ಸಾರಜನಕ ಸಿಗುತ್ತದೆ, 5 ಕೆ.ಜಿ. ಬೇವಿನ ಹಿಂಡಿಯಲ್ಲಿ 250 ಗ್ರಾಂ. ಪಾತಿಯಲ್ಲಿ ಸೆಣಬೋ ಅಲಸಂದೆಯೋ ಬೆಳೆದು ಹೂವಿಗೆ ಬರುವ ಮುಂಚೆ ಕೊಯ್ದು ಹಾಸಿದರೆ ಉಳಿದ ಲೆಕ್ಕವೂ ಬಹುಮಟ್ಟಿಗೆ ಸರಿಹೋಗುತ್ತದೆ. ಡ್ರಮ್ಮಿನ ನೀರು ಬೀಳಬೇಕಾದದ್ದು ಇವುಗಳ ಮೇಲೆ.

ನಿಂಬೆ ಜಾತಿಯ ಗಿಡಗಳಿಗೆ ಈ ಹೆಪ್ಪಿನಿಂದ ಬೇರೆ ಬೆಳೆಗಳಿಗಿಂತ ಹೆಚ್ಚು ಉಪಯೋಗ ಆಗಲು ಕಾರಣವೂ ಇದೆ. ಇವುಗಳ ಬೇರಿನಲ್ಲಿ ರೋಮಗಳು ವಿರಳ. ರಂಜಕ, ಸತುವಿನಂಥ ಪೋಷಕಾಂಶಗಳನ್ನು ಮಣ್ಣಿನಿಂದ ಎಳೆದುಕೊಳ್ಳಲು ಅವು ಬೇರಿಗೆ ಅಂಟಿ ಬದುಕುವ ಮೈಕೊರೈಜಾ ಶಿಲೀಂಧ್ರವನ್ನು ನೆಚ್ಚಿಕೊಂಡಿವೆ. ಉಣ್ಣುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲೇ ಹರಡಿರುತ್ತವೆ, ಅದೂ ಕಾಂಡದ ಬುಡದಲ್ಲಲ್ಲ, ಕೊಂಬೆಗಳ ತುದಿಯ ನೇರಕ್ಕೆ. ಆ ಮಣ್ಣು ಬಿಸಿಲಿಗೆ ಕಾದು ಬಿರುಕು ಬಿಟ್ಟರೆ ಶಿಲೀಂಧ್ರವೂ ಇಲ್ಲ, ಬೇರೂ ಇಲ್ಲ. ಪಾತಿಯನ್ನು ಗುದ್ದಲಿಯಿಂದ ಆಳಕ್ಕೆ ಅಗೆದು ‘ಮಣ್ಣು ಸಡಿಲ’ ಮಾಡುವ ಚಾಳಿಯೂ ಇದೇ ಬೇರಿಗೆ ಕತ್ತರಿ. ಕಾಂಡಕ್ಕೆ ತಾಗುವಂತೆ ಬಕೆಟ್ಟಿನಲ್ಲಿ ಜೀವಾಮೃತ ಸುರಿಯುವುದು ಇನ್ನೂ ತಪ್ಪು. ಸದಾ ಒದ್ದೆಯಿರುವ ಬುಡದಲ್ಲಿ ಅಂಟು ಸೋರುವ ರೋಗ ಕಾಲಿಡುತ್ತದೆ.

ಇನ್ನು ಹಣ್ಣಿನ ಗುಣಕ್ಕೆ ಬರೋಣ. ದ್ರವ ಗೊಬ್ಬರದ ಹೊಗಳಿಕೆಯಲ್ಲಿ ‘ಪೋಷಕಾಂಶ ಹೆಚ್ಚಾದಷ್ಟೂ ಹಣ್ಣು ಚೆಂದ’ ಎಂಬ ಭಾವನೆ ಅಡಗಿದೆ. ನಿಂಬೆ, ಮೋಸಂಬಿ, ಕಿತ್ತಳೆಗಳಲ್ಲಿ ಇದು ನಡೆಯುವುದಿಲ್ಲ. ಸಾರಜನಕ ಮಿತಿ ಮೀರಿದರೆ ಸಿಪ್ಪೆ ದಪ್ಪವಾಗಿ ಒರಟಾಗುತ್ತದೆ, ಬಣ್ಣ ತಡವಾಗುತ್ತದೆ, ರಸದ ಪಾಲು ಕುಗ್ಗುತ್ತದೆ. ರಂಜಕ ಸಾಲದೆ ಹೋದರೂ ಸಿಪ್ಪೆ ದಪ್ಪ; ಕಿತ್ತಳೆಯಲ್ಲಾದರೆ ತೊಳೆಗಳ ನಡುವೆ ಟೊಳ್ಳು. ಪೊಟ್ಯಾಷ್ ಕಡಿಮೆಯಾದರೆ ಹಣ್ಣು ಸಣ್ಣದಾಗುತ್ತದೆ. ಅತಿಯಾದರೆ ಗಾತ್ರವೇನೋ ಬರುತ್ತದೆ, ಸಿಪ್ಪೆಯೂ ಹುಳಿಯೂ ಜೊತೆಗೆ ಏರುತ್ತವೆ. ನಿಂಬೆಗೆ ಹುಳಿ ಏರಿದರೆ ಯಾರೂ ಬೇಸರಪಡುವುದಿಲ್ಲ, ಕೊಡಗಿನ ಕಿತ್ತಳೆಗೆ ಏರಿದರೆ ಗಿರಾಕಿ ಮುಖ ತಿರುಗಿಸುತ್ತಾನೆ.

ಸಾರಜನಕದ ಅತಿಗೆ ಇನ್ನೊಂದು ದಂಡವಿದೆ. ಗಂಜಲ ಜಾಸ್ತಿ ಹಾಕಿದ ದ್ರವವನ್ನು ಮಳೆಗಾಲದಲ್ಲಿ ಮೇಲಿಂದ ಮೇಲೆ ಕೊಟ್ಟ ಮರ ನೋಡಲು ಸೊಗಸಾಗಿರುತ್ತದೆ. ಎಲ್ಲೆಲ್ಲೂ ಎಳೆ ಚಿಗುರು. ಆ ಚಿಗುರಿಗೆ ಮೊದಲು ಬರುವುದು ರಂಗೋಲಿ ಹುಳು. ಎಲೆಯ ಎರಡು ಪದರಗಳ ನಡುವೆ ಬೆಳ್ಳಿ ಗೆರೆ ಎಳೆದಂತೆ ಅದು ಕೊರೆದುಕೊಂಡು ಹೋದ ದಾರಿ ಎದ್ದು ಕಾಣುತ್ತದೆ. ಆ ಗಾಯದಲ್ಲಿ ಕಜ್ಜಿ ರೋಗದ ಬ್ಯಾಕ್ಟೀರಿಯಾ ಸುಲಭವಾಗಿ ನೆಲೆಯೂರುತ್ತದೆ. ಮಳೆಹನಿ ಸಿಡಿದಾಗ ಎಲೆಯಿಂದ ಎಳೆಗಾಯಿಗೆ ಹಾರುತ್ತದೆ. ಮೂರು ತಿಂಗಳ ನಂತರ ಹಣ್ಣಿನ ಮೈಮೇಲೆ ಕಂದು ಬಣ್ಣದ ಒರಟು ಚುಕ್ಕೆಗಳು. ಒಳಗಿನ ರಸಕ್ಕೆ ಏನೂ ಆಗಿರುವುದಿಲ್ಲ, ಆದರೆ ಮಂಡಿಯಲ್ಲಿ ಯಾರೂ ಒಳಗನ್ನು ಕೇಳುವುದಿಲ್ಲ. ಗೊಬ್ಬರ ಒಳ್ಳೆಯದೇ, ಕೊಟ್ಟ ಹೊತ್ತು ಕೆಟ್ಟದ್ದು.

ಯಾವ ಮಣ್ಣಿಗೆ ಯಾವ ಡ್ರಮ್ಮು ಎಂಬ ಪ್ರಶ್ನೆ ವಿಡಿಯೋಗಳಲ್ಲಿ ಬರುವುದೇ ಇಲ್ಲ. ಇಂಡಿ ಸೀಮೆಯ ಎರೆಭೂಮಿಯಲ್ಲಿ ಸುಣ್ಣದಂಶ ಹೆಚ್ಚು. ರಸಸಾರ 8 ದಾಟುವುದು ಮಾಮೂಲು. ಇಂಥ ನೆಲದಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಬೇಕಾದಷ್ಟಿರುತ್ತದೆ. ಇಲ್ಲಿ ಕಟ್ಟಿಹೋಗುವುದು ಸತು ಮತ್ತು ಕಬ್ಬಿಣ: ಮಣ್ಣಿನಲ್ಲಿ ಇದ್ದರೂ ಬೇರಿಗೆ ದಕ್ಕದ ರೂಪದಲ್ಲಿರುತ್ತವೆ. ಇಂಥ ಮಣ್ಣಿಗೆ ಪೊಟ್ಯಾಷಿಗೆಂದು ಒಲೆಯ ಬೂದಿ ಕಲಸಿದ ದ್ರವ ಎರೆದರೆ ಕ್ಷಾರದ ಮೇಲೆ ಕ್ಷಾರ ಸುರಿದಂತಾಯಿತು. ಅದೇ ಬೂದಿಯನ್ನು ಕೊಡಗಿನ ಹುಳಿಮಣ್ಣಿಗೆ ಹಾಕಿದರೆ ಪೊಟ್ಯಾಷೂ ಸಿಗುತ್ತದೆ, ಮಣ್ಣಿನ ಹುಳಿಯೂ ತಗ್ಗುತ್ತದೆ. ಕಾಫಿಯ ನೆರಳಿನಲ್ಲಿ ಬೆಳೆಯುವ ಕಿತ್ತಳೆಗೆ ಒಪ್ಪುವ ಪಾಕ ಭೀಮಾ ತೀರದ ನಿಂಬೆಗೆ ಒಪ್ಪುವುದಿಲ್ಲ.

ಮಣ್ಣಿನಲ್ಲಿ ಕಟ್ಟಿಹೋದದ್ದನ್ನು ಎಲೆಯ ಮೂಲಕ ಕೊಡಬೇಕು. ಅದಕ್ಕೆ ಮೊದಲು ಎಲೆ ಓದಲು ಕಲಿಯಬೇಕು. ಸತು ಸಾಲದಿದ್ದರೆ ಹೊಸ ಎಲೆಗಳು ಸಣ್ಣದಾಗಿ, ಸಪೂರವಾಗಿ, ಹಸಿರು ನರಗಳ ನಡುವೆ ಹಳದಿ ಪಟ್ಟೆ ಹೊತ್ತು ಬರುತ್ತವೆ. ಕಬ್ಬಿಣ ಸಾಲದಿದ್ದರೆ ತೀರಾ ಎಳೆಯ ಎಲೆ ಬಿಳಿಚಿ, ನರಗಳು ಮಾತ್ರ ಹಸಿರು ಬಲೆಯಂತೆ ಉಳಿಯುತ್ತವೆ. ಮೆಗ್ನೀಸಿಯಂ ಕೊರತೆ ಕಾಣುವುದು ಹಳೆಯ ಎಲೆಯಲ್ಲಿ. ತೊಟ್ಟಿನ ಕಡೆ ಹಸಿರಿನ ತ್ರಿಕೋನ ಉಳಿದು ಸುತ್ತ ಹಳದಿಯಾಗುತ್ತದೆ. ಡ್ರಮ್ಮಿನ ದ್ರವದಲ್ಲಿ ಸತುವಿದ್ದರೂ ಇಂಥ ಹಸಿವಿಗೆ ಸಾಲದು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಲಘು ಪೋಷಕಾಂಶಗಳ ಮಿಶ್ರಣವನ್ನು ಬೆಳೆಗೊಂದರಂತೆ ತಯಾರಿಸಿದ್ದಾರೆ. ‘ಅರ್ಕಾ ಸಿಟ್ರಸ್ ಸ್ಪೆಷಲ್’ ಈ ಜಾತಿಯ ಗಿಡಗಳಿಗೆ. ಅವರ ಇಂಥ ಮಿಶ್ರಣಗಳ ಬಳಕೆಯಲ್ಲಿ ಒಂದು ತಮಾಷೆಯ ಸಂಗತಿಯಿದೆ. ಸಿಂಪಡಿಸುವ ನೀರಿಗೆ ಒಂದೆರಡು ನಿಂಬೆಹಣ್ಣಿನ ರಸ ಮತ್ತು ಒಂದು ಸ್ಯಾಚೆ ಶಾಂಪೂ ಸೇರಿಸಿ ಎನ್ನುತ್ತಾರೆ. ರಸ ನೀರಿನ ಕ್ಷಾರವನ್ನು ತಗ್ಗಿಸುತ್ತದೆ, ಶಾಂಪೂ ಹನಿಯನ್ನು ಎಲೆಯ ಮೇಣದ ಮೇಲೆ ಹರಡುತ್ತದೆ. ಸಾವಯವ ಪ್ರಮಾಣಪತ್ರ ಮಾಡಿಸಿಕೊಂಡವರು ಇಂಥದ್ದನ್ನು ಬಳಸುವ ಮುಂಚೆ ಪ್ರಮಾಣೀಕರಣದವರ ಒಪ್ಪಿಗೆ ಕೇಳಬೇಕು. ಉಳಿದವರಿಗೆ ಮುಜುಗರವೇಕೆ? ಬುಡಕ್ಕೆ ಜೀವಾಮೃತ, ಎಲೆಗೆ ಚಿಟಿಕೆ ಸತು ಕೊಟ್ಟರೆ ಯಾವ ತತ್ವವೂ ಮುಳುಗುವುದಿಲ್ಲ.

ಎಲೆ ಓದುವಾಗ ಒಂದು ಎಚ್ಚರ. ಎಲೆಯನ್ನು ನಡುನರದ ಮೇಲೆ ಮಡಚಿ ನೋಡಬೇಕು. ಎರಡೂ ಅರ್ಧಗಳಲ್ಲಿ ಹಳದಿ ಒಂದೇ ರೀತಿ ಹರಡಿದ್ದರೆ ಅದು ಪೋಷಕಾಂಶದ ಕೊರತೆ ಇರಬಹುದು. ಒಂದು ಕಡೆ ಒಂದು ನಮೂನೆ, ಇನ್ನೊಂದು ಕಡೆ ಇನ್ನೊಂದು ನಮೂನೆ ಮಚ್ಚೆಯಿದ್ದರೆ ಗ್ರೀನಿಂಗ್ ರೋಗದ ಗುಮಾನಿ. ಸಿಲ್ಲಾ ಎಂಬ ಸಣ್ಣ ಜಿಗಿ ಕೀಟದಿಂದ ಹರಡುವ ಈ ಬ್ಯಾಕ್ಟೀರಿಯಾ ರೋಗ ಕೊಡಗಿನ ಕಿತ್ತಳೆಯ ಅವನತಿಗೆ ಕಾರಣವಾದವುಗಳಲ್ಲಿ ಮುಖ್ಯವಾದದ್ದು. ರೋಗ ತಗುಲಿದ ಮರದ ಎಲೆಗಳೂ ಸತು ಸಾಲದ ಎಲೆಗಳಂತೆಯೇ ಕಾಣುವುದರಿಂದ ರೈತ ಗೊಬ್ಬರದ ಮೇಲೆ ಗೊಬ್ಬರ ಕೊಡುತ್ತಾ ಹೋಗುತ್ತಾನೆ. ಅಷ್ಟರಲ್ಲಿ ಕೀಟ ಪಕ್ಕದ ಮರಕ್ಕೆ ಹೋಗಿರುತ್ತದೆ. ಇದಕ್ಕೆ ಯಾವ ಡ್ರಮ್ಮಿನಲ್ಲೂ ಔಷಧಿಯಿಲ್ಲ. ಗುಮಾನಿ ಬಂದರೆ ಎಲೆಯನ್ನು ಕೃಷಿ ವಿಜ್ಞಾನ ಕೇಂದ್ರಕ್ಕೋ, ಕೊಡಗಿನವರಾದರೆ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೋ ಒಯ್ಯಬೇಕು.

ಜೀವಾಮೃತಕ್ಕಿಂತ ಗಟ್ಟಿಯಾದ ದ್ರವ ಬೇಕೆಂದರೆ ಹಿಂಡಿಯನ್ನೇ ಕೊಳೆಸಬೇಕು. ಶೇಂಗಾ ಹಿಂಡಿಯಲ್ಲಿ ಶೇಕಡ 7ರಷ್ಟು ಸಾರಜನಕ, ಬೇವಿನ ಹಿಂಡಿಯಲ್ಲಿ 5, ಹರಳು ಹಿಂಡಿಯಲ್ಲಿ 4ರ ಮೇಲೆ. 10 ಕೆ.ಜಿ. ಶೇಂಗಾ ಹಿಂಡಿಯೆಂದರೆ 700 ಗ್ರಾಂ ಸಾರಜನಕ, ಜೀವಾಮೃತದ ಮೂರೂವರೆ ಪಟ್ಟು. ಹಿಂಡಿಯನ್ನು ಪುಡಿಮಾಡಿ, ಮುಳುಗುವಷ್ಟು ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮಾರನೆಯ ದಿನ ಡ್ರಮ್ಮಿಗೆ ಸುರಿದು 150 ಲೀಟರಿನವರೆಗೆ ನೀರು ತುಂಬಬೇಕು. ಪೂರ್ತಿ ತುಂಬಿದರೆ ಮೂರನೆಯ ದಿನ ನೊರೆ ಉಕ್ಕಿ ಅಂಗಳಕ್ಕೆ ಬರುತ್ತದೆ. ಹಿಂದಿನ ಜೀವಾಮೃತದ ನಾಲ್ಕೈದು ಲೀಟರ್ ಉಳಿಸಿಕೊಂಡಿದ್ದರೆ ಅದನ್ನೇ ಬೆರೆಸಬಹುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಳ ಮುಟ್ಟುವಂತೆ ಕಲಕಬೇಕು. ಬಲಕ್ಕೇ ತಿರುಗಿಸಬೇಕು ಎಂಬ ಕಟ್ಟಳೆ ಹೇಳುವವರಿದ್ದಾರೆ. ಸೂಕ್ಷ್ಮಜೀವಿಗಳಿಗೆ ಎಡ-ಬಲದ ಗೊಡವೆಯಿಲ್ಲ, ಗಾಳಿ ಸಿಕ್ಕರೆ ಸಾಕು.

ಅದರ ಹದ ತಿಳಿಯಲು ಮೂಗು ಸಾಕು. ಮೊದಲೆರಡು ದಿನ ಹಿಂಡಿಯದೇ ವಾಸನೆ. ಆಮೇಲೆ ಹುಳಿ ಹೆಂಡದ ಘಾಟು, ಮೇಲೆ ತಿಳಿ ಕಂದು ನೊರೆ, ಕಿವಿಗೊಟ್ಟರೆ ಗುಳ್ಳೆ ಒಡೆಯುವ ಸದ್ದು. ವಾರ, ಹತ್ತು ದಿನಕ್ಕೆ ನೊರೆ ಇಳಿದು ದ್ರವ ತಿಳಿಯಾದರೆ ಹದಕ್ಕೆ ಬಂತು ಎನ್ನಬಹುದು. ಕೊಳೆತ ಮೊಟ್ಟೆಯ ನಾತ ಹೊಡೆದರೆ ಕಲಕಿದ್ದು ಸಾಲದು, ಒಳಗೆ ಉಸಿರುಗಟ್ಟಿದೆ. ಅಂಥದ್ದನ್ನು ನೇರ ಮರಕ್ಕೆ ಕೊಡದೆ ಎರಡು ಮೂರು ದಿನ ಚೆನ್ನಾಗಿ ಕಲಕಬೇಕು. ನಾತ ಹೋಗದಿದ್ದರೆ ತಿಪ್ಪೆಗೆ ಸುರಿಯುವುದು ಲೇಸು. ಸೋಸಿದ ದ್ರವದ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಒದ್ದೆ ನೆಲಕ್ಕೆ ಎರೆಯಬೇಕು. ಬಟ್ಟೆಯಲ್ಲಿ ಉಳಿದ ಗಸಿಯನ್ನು ಹೊದಿಕೆಯ ಕೆಳಗೆ ಸೇರಿಸಿದರೆ ಏನೂ ನಷ್ಟವಿಲ್ಲ. ಇದನ್ನೂ ಇಡೀ ಎಕರೆಗೆ ಹಂಚಿದರೆ ಮರಕ್ಕೆ 6 ಗ್ರಾಂ ಮಾತ್ರ. ಸೊರಗಿದ 20 ಮರಗಳನ್ನು ಗುರುತಿಸಿ ಅವಕ್ಕೇ ಕೊಟ್ಟರೆ ತಲಾ 35 ಗ್ರಾಂ. ಆಗ ಮರ ಸ್ಪಂದಿಸುತ್ತದೆ. ಹರಳು ಹಿಂಡಿ ಬಳಸುವವರು ಚೀಲವನ್ನೂ ಡ್ರಮ್ಮನ್ನೂ ದನ-ನಾಯಿಗಳಿಗೆ ಎಟುಕದಂತೆ ಇಡಬೇಕು. ಅದರಲ್ಲಿರುವ ವಿಷ ಜೀವಕ್ಕೇ ಎರವು.

ಕರಾವಳಿಯವರಿಗೆ, ಅಲ್ಲಿಂದ ಮೀನು ತರಿಸುವ ಮಲೆನಾಡಿನವರಿಗೆ ಮೀನಿನ ದ್ರವ ಸುಲಭ. ಮೀನಿನ ತಲೆ, ಕರುಳು, ಬಾಲಗಳಿಗೆ ಅಷ್ಟೇ ತೂಕದ ಬೆಲ್ಲ ಸೇರಿಸಿ ಮೂರು ನಾಲ್ಕು ವಾರ ಮುಚ್ಚಿಟ್ಟರೆ ಜೇನುಬಣ್ಣದ ಪಾಕ ಇಳಿಯುತ್ತದೆ. ಮುಚ್ಚಳ ಬಿಗಿಯಾದರೆ ಅನಿಲ ತುಂಬಿ ಡಬ್ಬಿ ಸಿಡಿಯುತ್ತದೆ, ಸಡಿಲವಾದರೆ ಬೆಕ್ಕುಗಳ ಜಾತ್ರೆ. ಲೀಟರ್ ನೀರಿಗೆ 5 ಮಿ.ಲೀ. ಬೆರೆಸಿ ಎಲೆಗೆ ಸಿಂಪಡಿಸುತ್ತಾರೆ. ಮೊಟ್ಟೆ-ನಿಂಬೆ ರಸದ ದ್ರಾವಣವೂ ಚಾಲ್ತಿಯಲ್ಲಿದೆ: ಮೊಟ್ಟೆಗಳು ಮುಳುಗುವಷ್ಟು ನಿಂಬೆರಸದಲ್ಲಿ ಹತ್ತು ದಿನ, ಕಲಸಿ ಬೆಲ್ಲ ಸೇರಿಸಿ ಮತ್ತೆ ಹತ್ತು ದಿನ, ಬಳಿಕ ಲೀಟರಿಗೆ ಒಂದೆರಡು ಮಿ.ಲೀ. ಬಿದ್ದು ಡಾಗು ಹಿಡಿದ ನಿಂಬೆ ರಾಶಿಯಿರುವ ತೋಟಕ್ಕೆ ರಸದ ಖರ್ಚಿಲ್ಲ. ಹುಳಿಗೆ ಮೊಟ್ಟೆಯ ಚಿಪ್ಪು ಬುಸಬುಸನೆ ಕರಗುವುದನ್ನು ನೋಡಿ ‘ಕ್ಯಾಲ್ಸಿಯಂ ಟಾನಿಕ್’ ಎಂದು ಹಿಗ್ಗುವವರಿಗೆ ಒಂದು ಮಾತು: ಇಂಡಿಯ ಮಣ್ಣಿನಲ್ಲಿ ಕ್ಯಾಲ್ಸಿಯಮ್ಮಿಗೆ ಬಡತನವಿಲ್ಲ. ಅಲ್ಲಿ ಹಣ್ಣು ಸೀಳುವುದಕ್ಕೆ ಹೆಚ್ಚಿನ ಸಲ ಕಾರಣ ನೀರಿನ ಏರುಪೇರು. ಒಣಗಿ ಬಾಡಿದ ತೋಟಕ್ಕೆ ಒಮ್ಮೆಲೇ ನೀರು ಬಿಟ್ಟರೆ, ಇಲ್ಲವೇ ದೊಡ್ಡ ಮಳೆ ಹೊಡೆದರೆ ಒಳಗಿನ ರಸ ಉಬ್ಬುತ್ತದೆ, ಬಲಿತ ಸಿಪ್ಪೆ ಹಿಗ್ಗುವುದಿಲ್ಲ. ಟ್ಯಾಂಕರಿನಲ್ಲಿ ನೀರು ತಂದು ಮರ ಉಳಿಸಿಕೊಂಡ ಬರಗಾಲಗಳನ್ನು ಕಂಡ ಸೀಮೆಯಲ್ಲಿ ಆರಿಂಚು ದಪ್ಪದ ರವದಿಯ ಹೊದಿಕೆ ಮಾಡುವ ಉಪಕಾರವನ್ನು ಯಾವ ಟಾನಿಕ್ಕೂ ಮಾಡದು.

ನೀರು ಎಂದಾಗ ಬಹಾರಿನ ಮಾತು ಬರುತ್ತದೆ. ಅಂಬೆ, ಮೃಗ, ಹಸ್ತ ಎಂದು ನಿಂಬೆಗೆ ಮೂರು ಹೂಗಾಲ. ಬೇಸಿಗೆಯ ಒಳ್ಳೆ ಬೆಲೆಗೆ ಹಣ್ಣು ಕೊಡುವುದು ಹಸ್ತ ಬಹಾರು; ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹೂ ಹಿಡಿಯಬೇಕು. ಹೂ ಹಿಡಿಸಲು ಮೊದಲು ಮೂರು ನಾಲ್ಕು ವಾರ ಮರಕ್ಕೆ ನೀರಿನ ಉಪವಾಸ. ವಿಜಯಪುರದ ಕಡೆ ಸೆಪ್ಟೆಂಬರ್ ಎಂದರೆ ಮಳೆಯ ತಿಂಗಳಾದ್ದರಿಂದ ಈ ಉಪವಾಸ ಅರ್ಧಕ್ಕೆ ಮುರಿಯುವುದೇ ಹೆಚ್ಚು. ಅದರ ಮೇಲೆ ‘ಹದಿನೈದು ದಿನಕ್ಕೊಮ್ಮೆ ತಪ್ಪಬಾರದು’ ಎಂದು ಡ್ರಮ್ಮಿನ ನೀರನ್ನೂ ಬಿಟ್ಟರೆ ಮರ ಹೂವಿನ ಬದಲು ಚಿಗುರು ಹೊಡೆಯುತ್ತದೆ. ಉಪವಾಸದ ವಾರಗಳಲ್ಲಿ ಡ್ರಮ್ಮಿಗೂ ರಜೆ. ಉಪವಾಸ ಬಿಡಿಸುವ ಮೊದಲ ನೀರಿನ ಹೊತ್ತಿಗೆ ಕೊಟ್ಟಿಗೆ ಗೊಬ್ಬರ, ಹಿಂಡಿ, ಜೀವಾಮೃತ ಒಟ್ಟಿಗೆ ಬೀಳಬೇಕು. ಕಾಯಿ ಬಟಾಣಿ ಗಾತ್ರದಿಂದ ಗೋಲಿ ಗಾತ್ರಕ್ಕೆ ಬರುವ ದಿನಗಳು ಸ್ವಲ್ಪ ಸ್ವಲ್ಪವಾಗಿ ದ್ರವ ಕೊಡಲು ಎಲ್ಲಕ್ಕಿಂತ ಹದವಾದ ಹೊತ್ತು. ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಗಂಜಲದ ಕೈ ಹಿಡಿತಕ್ಕೆ ಬರಬೇಕು. ಸತುವಿನ ಸಿಂಪಡಣೆ ಮಾತ್ರ ಹೊಸ ಎಲೆ ಮುಕ್ಕಾಲು ಬಲಿತಾಗ, ಬಿಸಿಲೇರುವ ಮುಂಚೆ.

ಡ್ರಿಪ್ಪಿನಲ್ಲಿ ಬಿಡುವವರ ಗೋಳು ಬೇರೆ. ಜೀವಾಮೃತವನ್ನು ಸೀರೆಬಟ್ಟೆಯಲ್ಲಿ ಸೋಸಿ ಬಿಟ್ಟರೂ ಲ್ಯಾಟರಲ್ ಕೊಳವೆಯ ತುದಿಯ ಡ್ರಿಪ್ಪರುಗಳು ಒಂದೊಂದಾಗಿ ಕಟ್ಟಿಕೊಳ್ಳುತ್ತವೆ. ಮರ ಬಾಡಿದಾಗಲೇ ಗೊತ್ತಾಗುವುದು. ರಾತ್ರಿಯಿಡೀ ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನಷ್ಟೇ ತೆಗೆದು, ಎರಡು ಹಂತದ ಜಾಲರಿ ದಾಟಿಸಿ ಬಿಡಬೇಕು. ಆಮೇಲೆ ಕಾಲು ಗಂಟೆ ಬರೀ ನೀರು ಹರಿಸಿ ಕೊಳವೆ ತೊಳೆಯಬೇಕು.

ಬೆಂಗಳೂರಿನ ತಾರಸಿಯ ಕುಂಡದಲ್ಲಿ ನಿಂಬೆ ಇಟ್ಟವರಿಗೆ ಡ್ರಮ್ಮಿನ ಬದಲು ಬಕೆಟ್ಟು. ಕುಂಡದ ಮಣ್ಣಿನಲ್ಲಿ ನೀರು ಹಾಕಿದಷ್ಟೂ ಸಾರ ಸೋರಿ ಹೋಗುವುದರಿಂದ ಅಲ್ಲಿ ದ್ರವ ಗೊಬ್ಬರಕ್ಕೆ ನಿಜವಾದ ಕೆಲಸವಿದೆ. ಒಂದು ಹಿಡಿ ಶೇಂಗಾ ಹಿಂಡಿಯನ್ನು ಐದು ಲೀಟರ್ ನೀರಿನಲ್ಲಿ ವಾರ ಕೊಳೆಸಿ, ಹತ್ತು ಪಟ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಅರ್ಧ ಲೀಟರ್ ಕೊಟ್ಟರೆ ಗಿಡ ಖುಷಿಯಾಗಿರುತ್ತದೆ. ನಲ್ಲಿ ನೀರಾದರೆ ರಾತ್ರಿ ತೆರೆದಿಟ್ಟು ಕ್ಲೋರಿನ್ ಹಾರಲು ಬಿಡಬೇಕು. ಬಾಳೆಸಿಪ್ಪೆ ನೆನೆಸಿದ ನೀರಿನ ಮಹಿಮೆಯನ್ನು ಬಹಳವೇ ಉಬ್ಬಿಸಲಾಗಿದೆ. ಪೊಟ್ಯಾಷ್ ಇಳಿಯುತ್ತದೆ ನಿಜ, ಎರಡು ಸಿಪ್ಪೆಯಿಂದ ಇಳಿಯುವುದು ಎಷ್ಟು? ಬೆಲ್ಲ ಬೆರೆತದ್ದನ್ನು ಎಲೆಗೆ ಸಿಂಪಡಿಸಿದರೆ ಇರುವೆ ಸಾಲುಗಟ್ಟುತ್ತವೆ. ಇರುವೆಗಳು ಹಿಟ್ಟು ತಿಗಣೆಯನ್ನೂ ಶಲ್ಕ ಕೀಟವನ್ನೂ ಕಾದು ಸಾಕುತ್ತವೆ, ಎಲೆಯ ಮೇಲೆ ಕಪ್ಪು ಬೂಷ್ಟು ಹರಡುತ್ತದೆ.

ಹಣ್ಣಿಗೆ ಸಗಣಿ ನೀರು ತಾಗುವ ವಿಷಯವನ್ನು ಸಾವಯವದ ಮಾತಾಡುವವರು ಎತ್ತುವುದು ಕಡಿಮೆ. ಹಸಿ ಸಗಣಿಯಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳಿರಬಹುದು. ಎರಡು ದಿನದ ಹುದುಗು ಅವನ್ನು ಕೊಂದೇ ಬಿಡುತ್ತದೆ ಎಂಬ ಖಾತರಿಯಿಲ್ಲ. ಅಮೆರಿಕದ ಸಾವಯವ ನಿಯಮದಲ್ಲಿ ಹಸಿ ಗೊಬ್ಬರವನ್ನು ಮಣ್ಣಿಗೆ ಸೇರಿಸಿ, ಫಸಲು ಮಣ್ಣಿಗೆ ತಾಗುವಂಥದ್ದಾದರೆ ಕೊಯ್ಲಿಗೆ 120 ದಿನ, ತಾಗದಿದ್ದರೆ 90 ದಿನ ಕಾಯಬೇಕು. ನಿಂಬೆ ಎರಡೂ ಬಗೆಯದು. ಮರದಿಂದ ಕಿತ್ತದ್ದೂ ಚೀಲ ಸೇರುತ್ತದೆ, ಪಾತಿಗೆ ಬಿದ್ದದ್ದನ್ನು ಆರಿಸಿದ್ದೂ ಸೇರುತ್ತದೆ. ಉಪ್ಪಿನಕಾಯಿಗೆ ಹೋದರೆ ಸಿಪ್ಪೆಸಹಿತ ಬಾಯಿಗೆ ಬರುತ್ತದೆ. ಬಲಿತ ಕಾಯಿಯಿರುವ ಮರಕ್ಕೆ ಜೀವಾಮೃತ ಸಿಂಪಡಿಸದೆ ಹೊದಿಕೆಯ ಅಡಿಗೆ ಎರೆಯುವುದು, ಬಿದ್ದ ಹಣ್ಣನ್ನು ಬೇರೆ ಇಟ್ಟು ತೊಳೆಯುವುದು ಕಷ್ಟದ ಕೆಲಸವೇನಲ್ಲ.

ಇಷ್ಟೆಲ್ಲ ಮಾಡಿ ಹಣ್ಣಿನ ಗುಣ ಏರಿತೇ ಎಂದು ಗೊತ್ತಾಗುವುದು ಹೇಗೆ? ಒಳ್ಳೆ ಮಳೆ ಬಂದ ವರ್ಷ ಏನು ಹಾಕಿದ್ದರೂ ಅದರದ್ದೇ ಮಹಿಮೆಯೆನಿಸುತ್ತದೆ. ಹಾಗಾಗಿ ತೋಟದ ನಡುವಿನ ಒಂದು ಸಾಲಿಗೆ ದ್ರವ ನಿಲ್ಲಿಸಬೇಕು. ಕೊಟ್ಟಿಗೆ ಗೊಬ್ಬರ, ನೀರು, ಹೊದಿಕೆ ಎಲ್ಲವೂ ಪಕ್ಕದ ಸಾಲಿನಂತೆಯೇ ಇರಲಿ. ಕೊಯ್ಲಿನ ದಿನ ಎರಡೂ ಸಾಲಿನಿಂದ ಇಪ್ಪತ್ತಿಪ್ಪತ್ತು ಹಣ್ಣು ಕಣ್ಣು ಮುಚ್ಚಿ ಕೀಳಬೇಕು. ತೂಗಿ, ಹಿಂಡಿ, ರಸವನ್ನೂ ತೂಗಬೇಕು. ಅಡ್ಡ ಕೊಯ್ದ ಹೋಳಿನ ಸಿಪ್ಪೆಗೆ ಸ್ಕೇಲು ಹಿಡಿಯಬೇಕು. ಕಿತ್ತಳೆ ಬೆಳೆಯುವವರು ಸಿಹಿ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಊರಿಗೊಂದು ಕೊಂಡರೂ ಸಾಕು. ಈ ಜಾತಿಯ ಹಣ್ಣು ಕಿತ್ತ ಮೇಲೆ ಸಿಹಿಯಾಗುವುದಿಲ್ಲವಾದ್ದರಿಂದ, ಎಂಟು ದಿನ ಮೊದಲೇ ಕಿತ್ತ ಹಣ್ಣಿನ ಹುಳಿಯನ್ನು ಗೊಬ್ಬರದ ತಲೆಗೆ ಕಟ್ಟುವ ತಪ್ಪೂ ಇದರಿಂದ ನಿಲ್ಲುತ್ತದೆ. ಎರಡು ಬಹಾರು ನೋಡಿದರೂ ಎರಡು ಸಾಲಿನ ನಡುವೆ ವ್ಯತ್ಯಾಸ ಕಾಣದಿದ್ದರೆ, ಹದಿನೈದು ದಿನಕ್ಕೊಮ್ಮೆ ಬೆಲ್ಲ-ಹಿಟ್ಟಿಗೆ ಹೋಗುತ್ತಿದ್ದ ದುಡ್ಡಿನಲ್ಲಿ ಮುಂದಿನ ಬಹಾರಿಗೆ ಒಂದು ಟ್ರ್ಯಾಕ್ಟರ್ ತಿಪ್ಪೆ ಗೊಬ್ಬರ ಹೇರಿಸಿಕೊಂಡು ಬರಬಹುದು.